ಊರಿನ ದೊಡ್ಡಸ್ತಿಕೆ

ಊರಿಗೆ ದೊಡ್ಡಸ್ತಿಕೆ ಬರುವುದು ಹಣದಿಂದಲೋ, ಅಧಿಕಾರದಿಂದಲೋ, ಹೆಸರಿನಿಂದಲೋ? ಮೂರೂ ಒಂದೆಡೆ ಕೂಡಿರಲೇಬೇಕೆಂಬ ನಿಯಮವೇನೂ ಇಲ್ಲ. ಜೋಗುಪಾಳ್ಯದ ಮನೆಯೊಂದರ ಜಗಲಿಯಲ್ಲಿ ಒಂದು ಸಂಜೆ ಈ ಪ್ರಶ್ನೆ ತಾನಾಗಿಯೇ ಎದ್ದಿತು. ಆ ಮನೆಯ ಮೊಮ್ಮಗನಿಗೆ ಅಮೆರಿಕದಲ್ಲಿ ಎರಡು ಕಡೆ ಕೆಲಸ ದೊರೆತಿತ್ತು. ಡೆಟ್ರಾಯಿಟಿನ ಕೆಲಸ ಅವನು ಕಲಿತ ಯಂತ್ರವಿದ್ಯೆಗೆ ಒಪ್ಪುವಂಥದು. ನ್ಯೂಯಾರ್ಕಿನದು ನೆಂಟರಿಷ್ಟರ ಮುಂದೆ ಹೇಳಿಕೊಳ್ಳಲು ಒಪ್ಪುವಂಥದು. “ನ್ಯೂಯಾರ್ಕನ್ನು ಬಿಟ್ಟು ದಿವಾಳಿಯೆದ್ದ ಊರಿಗೆ ಹೋಗುವುದುಂಟೆ?” ಎಂದು ನೆರೆಹೊರೆಯವರೆಲ್ಲ ಹೇಳಿದರು.

ಅವರ ಮಾತು ಸುಳ್ಳಲ್ಲ. ಮೋಟಾರು ವಾಹನಗಳಿಂದ ಬೆಳೆದ ಡೆಟ್ರಾಯಿಟಿನಲ್ಲಿ 1950ರ ಜನಗಣತಿಯಂತೆ ಹದಿನೆಂಟು ಲಕ್ಷಕ್ಕೆ ಮೀರಿದ ಜನರಿದ್ದರು. 2010ರ ವೇಳೆಗೆ ಉಳಿದವರು ಏಳು ಲಕ್ಷಕ್ಕೆ ಸ್ವಲ್ಪ ಹೆಚ್ಚು. 2013ರಲ್ಲಿ ಆ ನಗರಸಭೆ ದಿವಾಳಿಯ ಅರ್ಜಿಯನ್ನೇ ಹಾಕಬೇಕಾಯಿತು.

ವಿಮಾನದ ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾಗಿದ್ದ ತಾತ ಎಲ್ಲವನ್ನೂ ಕೇಳಿ, ನಿಧಾನವಾಗಿ ಮಾತು ತೆಗೆದರು.

“ದೊಡ್ಡ ಊರೆಂದರೆ ಯಾವುದಪ್ಪ? ಆ ದೇಶದ ರಾಜಧಾನಿ 1800ರಿಂದ ವಾಷಿಂಗ್‌ಟನ್ನು, ಹಣವಿರುವುದು ನ್ಯೂಯಾರ್ಕಿನಲ್ಲಿ. ಆ ನ್ಯೂಯಾರ್ಕು ತನ್ನ ಸೀಮೆಗೂ ರಾಜಧಾನಿಯಲ್ಲ, ಅದು ಆಲ್ಬನಿ. ಅದಕ್ಕೆ ಮೊದಲು ಹತ್ತು ವರ್ಷ ರಾಜಧಾನಿಯಾಗಿದ್ದ ಫಿಲಡೆಲ್ಫಿಯ ಹಿಂದೆ ಬಿತ್ತು. 1825ರಲ್ಲಿ ಈರೀ ಕಾಲುವೆ ತೆರೆದು, ಒಳನಾಡಿನ ದೊಡ್ಡ ಸರೋವರಗಳ ಸರಕು ನ್ಯೂಯಾರ್ಕಿನ ರೇವಿಗೆ ಇಳಿಯತೊಡಗಿತು. 1871ರಲ್ಲಿ ಬೆಂಕಿಗೆ ಆಹುತಿಯಾದ ಷಿಕಾಗೊ, ರೈಲು ಮತ್ತು ಧಾನ್ಯಗಳ ಬಲದಿಂದ 1890ರೊಳಗೆ ಎರಡನೆಯ ನಗರವಾಯಿತು. ಒಂದು ನೂರು ವರ್ಷ ಕಳೆಯುವಷ್ಟರಲ್ಲಿ ಆ ಸ್ಥಾನ ಲಾಸ್ ಏಂಜಲೀಸಿನ ಪಾಲಾಯಿತು.”

“ಅದೆಲ್ಲ ದೂರದ ಮಾತು, ತಾತ,” ಎಂದ ಹುಡುಗ.

“ಹತ್ತಿರದ್ದೇ ಹೇಳುತ್ತೇನೆ, ಕೇಳು. 1799ರಲ್ಲಿ ಟಿಪ್ಪು ಸುಲ್ತಾನ್ ಮಡಿದ ಮೇಲೆ ಸಿಂಹಾಸನ ಮೈಸೂರಿಗೆ ಬಂತು. ದಸರೆಯ ವೈಭವವೂ ಅಲ್ಲಿಯದೇ ಆಯಿತು. 1831ರಲ್ಲಿ ಇಂಗ್ಲಿಷರು ಆಡಳಿತವನ್ನು ಕೈಗೆ ತೆಗೆದುಕೊಂಡು ಕಚೇರಿಗಳನ್ನು ಬೆಂಗಳೂರಿಗೆ ತಂದರು. ಬೆಂಗಳೂರು ತಾನೇ ಎರಡಾಗಿತ್ತು. ತರಗುಪೇಟೆಯ ಧಾನ್ಯ, ಚಿಕ್ಕಪೇಟೆಯ ಬಟ್ಟೆ ಪೇಟೆಯ ಬಲ. 1809ರಲ್ಲಿ ನೆಲೆಗೊಂಡ ದಂಡಿನದು ಅಧಿಕಾರದ ಬಲ. 1864ರಲ್ಲಿ ಜೋಲಾರಪೇಟೆಯಿಂದ ರೈಲು ಬಂದು ನಿಂತದ್ದು ದಂಡಿನಲ್ಲಿ. 1905ರಲ್ಲಿ ಶಿವನಸಮುದ್ರದ ವಿದ್ಯುದ್ದೀಪ ಬೆಳಗಿದ್ದು ಪೇಟೆಯಲ್ಲಿ. 1881ರಲ್ಲಿ ರಾಜ್ಯ ಒಡೆಯರಿಗೆ ಮರಳಿದರೂ ದಂಡು ಮಾತ್ರ 1947ರವರೆಗೆ ಇಂಗ್ಲಿಷರ ಕೈಯಲ್ಲೇ ಇತ್ತು. ಎರಡು ಪುರಸಭೆಗಳು 1949ರಲ್ಲಿ ಒಂದಾದವು. ಇವುಗಳ ಮಗ್ಗುಲಲ್ಲಿದ್ದ ನಮ್ಮ ಜೋಗುಪಾಳ್ಯವನ್ನು ದೊಡ್ಡ ಊರೆಂದು ಯಾರೂ ಕರೆಯಲಿಲ್ಲ. ಪಕ್ಕದ ಹಲಸೂರಿನ ಸೋಮೇಶ್ವರನ ಗುಡಿ ದಂಡಿಗಿಂತ ಎಷ್ಟೋ ಹಳೆಯದು. ಆದರೂ ಹಲಸೂರನ್ನು ದಂಡಿನ ಒಂದು ಮೂಲೆಯೆಂದೇ ಎಣಿಸಿದರು. 1940ರಲ್ಲಿ ವಾಲ್‌ಚಂದ್ ಹೀರಾಚಂದರು ಮೈಸೂರು ಸರ್ಕಾರದ ನೆರವಿನಿಂದ ವಿಮಾನದ ಕಾರ್ಖಾನೆ ಕಟ್ಟಿದ್ದು ನಮ್ಮ ಮೂಡಲಿಗೆ. ನಾನು ಅಲ್ಲಿ ಕೆಲಸ ಕಲಿತೆ. ಅದು ಪೇಟೆಯ ಘನತೆಯಿಂದ ಬಂದದ್ದಲ್ಲ, ದಂಡಿನ ಘನತೆಯಿಂದ ಬಂದದ್ದೂ ಅಲ್ಲ. ಕೈಗೆ ಬಂದ ವಿದ್ಯೆ. ಊರಿನ ಹೆಸರು ಏರುತ್ತದೆ, ಇಳಿಯುತ್ತದೆ. ವಿದ್ಯೆ ಇಳಿಯುವುದಿಲ್ಲ.”

ಹುಡುಗ ಡೆಟ್ರಾಯಿಟನ್ನೇ ಆರಿಸಿಕೊಂಡ. ತಾತನ ಮುಖದಲ್ಲಿ ಗೆಲುವು ಕಾಣಿಸಿತು. ಅದು ಬಹಳ ಹೊತ್ತು ನಿಲ್ಲಲಿಲ್ಲ. ಅಷ್ಟು ಹೊತ್ತೂ ಬಾಗಿಲ ಬಳಿ ಸೊಪ್ಪು ಬಿಡಿಸುತ್ತ ಕುಳಿತಿದ್ದ ಅಜ್ಜಿ ತಲೆಯೆತ್ತಿ, “ಅವೆರಡರಲ್ಲಿ ಯಾವ ಊರಿನಿಂದ ಮಗು ಬೇಗ ಮನೆಗೆ ಬರಬಹುದು?” ಎಂದು ಕೇಳಿದರು.

ಕಾಲುವೆ, ರೈಲು, ಜನಗಣತಿಗಳನ್ನೆಲ್ಲ ಬಲ್ಲ ತಾತನಿಗೆ ಈ ಲೆಕ್ಕ ಹೊಳೆದಿರಲಿಲ್ಲ. ಊರುಗಳನ್ನು ತೂಗುವವರು ಹಣವನ್ನು ಇಡುತ್ತಾರೆ, ಹೆಸರನ್ನು ಇಡುತ್ತಾರೆ. ಹೊರಟುಹೋದ ಮಕ್ಕಳ ಮನೆಗಳನ್ನು ತಕ್ಕಡಿಯಲ್ಲಿ ಇಡುವವರು ವಿರಳ. ತಾತ ಸ್ವಲ್ಪ ಹೊತ್ತು ಸುಮ್ಮನಿದ್ದು, “ಎರಡೂ ದೂರವೇ,” ಎಂದರು. ಅಜ್ಜಿ ಮತ್ತೆ ಸೊಪ್ಪಿನ ಕಡೆಗೆ ತಿರುಗಿದರು.