ಒಂದು ತುಣುಕು, ಎರಡು ಬಾಟಲಿ



2021ರಲ್ಲಿ ಕೋವಿಡ್ ಎರಡನೇ ಅಲೆಯ ಹೊತ್ತಿಗೆ ನಮ್ಮ ಧರ್ಮಕೇಂದ್ರದ ಹಿರಿಯರೊಬ್ಬರ ಕೆನ್ನೆ ಊದಿತು, ಮೂಗಿನಿಂದ ಕಪ್ಪು ಸ್ರಾವ ಬಂತು. ಅವರಿಗೆ ಮೊದಲೇ ಸಕ್ಕರೆ ಕಾಯಿಲೆ. ಆಸ್ಪತ್ರೆಯಲ್ಲಿ ಮೂಗಿನೊಳಗಿನ ಅಂಗಾಂಶದ ತುಣುಕು ತೆಗೆದರು. ನಾವು ಯುವಕರು ಸರದಿಯಂತೆ ಹೊರಗೆ ಕಾದೆವು.

“ಇಷ್ಟು ಚಿಕ್ಕ ತುಣುಕಿಗೆ ಎರಡು ಬಾಟಲಿ ಯಾಕೆ ಮಕ್ಕಳೇ?” ಎಂದು ಅವರ ಪತ್ನಿ ಕೇಳಿದರು.

ಬಿ.ಎಸ್ಸಿ. ಓದಿದ ನಾವಿಬ್ಬರು ವಿವರಿಸಿದೆವು. ಒಂದು ಭಾಗ ಫಾರ್ಮಲಿನ್‌ನಲ್ಲಿ ಪೆಥಾಲಜಿಗೆ ಹೋಗುತ್ತದೆ. ಫಾರ್ಮಲಿನ್ ಶಿಲೀಂಧ್ರವನ್ನು ಕೊಲ್ಲುವುದರಿಂದ ಅದರಲ್ಲಿ ಕಲ್ಚರ್ ಬೆಳೆಯದು. ಹಾಗಾಗಿ ಇನ್ನೊಂದು ಭಾಗ ಸಲೈನ್‌ನಲ್ಲಿ ಮೈಕ್ರೋಬಯಾಲಜಿಗೆ. ಅಲ್ಲಿ ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಅಂದೇ ಸುಳಿವು ಸಿಗುತ್ತದೆ. ರಿಬ್ಬನ್‌ನಂತೆ ಅಗಲವಾದ, ಅಡ್ಡಗೋಡೆ ಕಡಿಮೆಯಿರುವ ಎಳೆಗಳಾದರೆ ಮ್ಯೂಕರ್ ಶಂಕೆ. ಸಪೂರವಾಗಿ, ಅಡ್ಡಗೋಡೆಗಳಿದ್ದು, ಸುಮಾರು 45 ಡಿಗ್ರಿಯಲ್ಲಿ ಕವಲೊಡೆದರೆ ಆಸ್ಪರ್ಜಿಲಸ್ ಶಂಕೆ. ಆಸ್ಪರ್ಜಿಲಸ್‌ಗೆ ಕೊಡುವ ವೊರಿಕೊನಜೋಲ್ ಮ್ಯೂಕರ್‌ಗೆ ನಾಟದು. ಅದಕ್ಕೆ ಆಂಫೊಟೆರಿಸಿನ್ ಬೇಕು, ಸತ್ತ ಅಂಗಾಂಶವನ್ನು ಕತ್ತರಿಸಿ ತೆಗೆಯಲೂಬೇಕು.

ಸಂಜೆ ವರದಿ ಬಂತು: ಮ್ಯೂಕರ್. ಆಗ ಇಂಜೆಕ್ಷನ್‌ಗೆ ಎಲ್ಲೆಡೆ ಕೊರತೆ. ಊರೂರಿಗೆ ಫೋನ್ ಮಾಡಿ ಹೊಂದಿಸಿದೆವು. ಒಂದು ಕಣ್ಣು ಹೋಯಿತು, ಜೀವ ಉಳಿಯಿತು.

ಮನೆಯಲ್ಲಿ ಸಕ್ಕರೆ ಕಾಯಿಲೆಯವರಿದ್ದರೆ ಇಂಥ ಕೆನ್ನೆನೋವನ್ನು, ಕಪ್ಪು ಸ್ರಾವವನ್ನು ಮನೆಮದ್ದಿಗೆ ಬಿಡಬೇಡಿ. ಬಯಾಪ್ಸಿ ಎಂದರೆ ಕ್ಯಾನ್ಸರ್ ಎಂದು ಹೆದರಿ ದಿನ ಮುಂದೂಡಬೇಡಿ.