ಕುಂದಾಣದ ಹಾದಿಯಲ್ಲಿ ಕಣ್ಣುಳ್ಳ ಕೋಲು

ದೇವನಹಳ್ಳಿ ತಾಲ್ಲೂಕಿನ ಹೋಬಳಿ ಕೇಂದ್ರವಾದ ಕುಂದಾಣದತ್ತ ಹೊರಟವನಿಗೆ ರಾಗಿಯ ಹೊಲ, ದ್ರಾಕ್ಷಿಯ ಚಪ್ಪರ, ಚಕ್ಕೋತದ ಮರಗಳೇ ಕಣ್ಣಿಗೆ ಹಬ್ಬ. ಕಣ್ಣಿಲ್ಲದವರಿಗೆ ಈ ಹಾದಿ ಹೇಗೆ ತೋರೀತು? ಅಂಧರಾದ ಮಿತ್ರರೊಬ್ಬರು ಜೊತೆಗಿದ್ದುದರಿಂದ ಅದನ್ನರಿಯುವ ಅವಕಾಶ ಒದಗಿತು.

ಅವರ ಕೈಯಲ್ಲಿದ್ದುದು ದೆಹಲಿಯ ಐ.ಐ.ಟಿ.ಯಲ್ಲಿ ರೂಪುಗೊಂಡು 2014ರಲ್ಲಿ ಬಳಕೆಗೆ ಬಂದ ‘ಸ್ಮಾರ್ಟ್‌ಕೇನ್’. ಬಿಳಿಯ ಕೋಲಿನ ಹಿಡಿಯಲ್ಲೊಂದು ಪುಟ್ಟ ಯಂತ್ರ. ಅದು ಮನುಷ್ಯನ ಕಿವಿಗೆ ನಿಲುಕದ ಧ್ವನಿಯನ್ನು ಹೊರಡಿಸಿ, ಮರಳಿದ ಪ್ರತಿಧ್ವನಿಯಿಂದ ದೂರವನ್ನು ಲೆಕ್ಕ ಹಾಕುತ್ತದೆ. ಬಾವಲಿ ಬಲ್ಲ ವಿದ್ಯೆಯೇ ಇದು. ಸುಮಾರು 3 ಮೀಟರಿನೊಳಗೆ ಅಡ್ಡಿಯಿದ್ದರೆ ಹಿಡಿಯು ಅದುರಿ ಅಂಗೈಗೆ ಸುದ್ದಿ ಮುಟ್ಟಿಸುತ್ತದೆ.

ಬರಿಯ ಕೋಲು ನೆಲವನ್ನಷ್ಟೇ ಬಲ್ಲದು. ಬಾಗಿದ ಜಾಲಿಯ ಕೊಂಬೆ, ಅಂಗಡಿಯ ಮುಂದೆ ಚಾಚಿದ ತಗಡು ಮುಖಕ್ಕೆ ಬಡಿದ ಮೇಲೆಯೇ ತಿಳಿಯುವಂಥವು. ಅವನ್ನು ಮಿತ್ರರು ಮೊದಲೇ ಅರಿತು ತಲೆ ತಪ್ಪಿಸಿದರು. ಚರಂಡಿಯ ಗುಂಡಿಯನ್ನು ಮಾತ್ರ ಕೋಲಿನ ತುದಿಯೇ ಹುಡುಕಬೇಕಾಯಿತು.

ಕಟ್ಟೆಯ ಮೇಲಿದ್ದ ಹಿರಿಯರೊಬ್ಬರು ಎದ್ದು ಬಂದರು. “ಕೈ ಕೊಡಿ ಸ್ವಾಮಿ, ದೇವಸ್ಥಾನಕ್ಕೆ ನಾನೇ ಕರ್ಕೊಂಡು ಹೋಗ್ತೀನಿ.”

“ಬೇಡಿ ಯಜಮಾನ್ರೆ, ದಾರಿ ಹೇಳಿ, ಸಾಕು.”

“ಹಿಂಗೆ ಹೋಗಿ” ಎಂದು ಕೈ ತೋರಿದವರು ಥಟ್ಟನೆ ತಡೆದು, “ಎಡಕ್ಕೆ ತಿರುಗಿ, ಇಪ್ಪತ್ತು ಹೆಜ್ಜೆ, ಅರಳಿಮರದ ನೆರಳು ತಂಪಾಗಿ ತಾಗ್ತದೆ” ಎಂದರು.

ಮಿತ್ರರ ಮುಖವರಳಿತು. ಎದುರಿಗೆ ಏನೋ ಇದೆಯೆಂದು ಯಂತ್ರವು ಹೇಳೀತು. ಅದು ಅರಳಿಮರವೆಂದು ಹೇಳುವುದು ಊರಿನವರಿಂದಲೇ ಆಗಬೇಕು. ವಾಚಕರೇ, ಅಂಥವರು ನಿಮ್ಮೂರಿಗೆ ಬಂದರೆ ಕೈಹಿಡಿದು ಎಳೆಯಬೇಡಿ. ದಾರಿಯನ್ನು ಬಾಯಲ್ಲಿ ಹೇಳಿ. ಚರಂಡಿಗೊಂದು ಚಪ್ಪಡಿಯನ್ನೂ ಮುಚ್ಚಿಸಿ.