ಚರಗಕ್ಕೆ ಬಂದ ನಾತಾಳ ಸೂಟಿ

ಬಾಗಲಕೋಟೆ ಬಿಟ್ಟ ರೈಲು ಆಲಮಟ್ಟಿಯ ಹಿನ್ನೀರಿನ ಸೇತುವೆ ಏರುವ ಹೊತ್ತಿಗೆ ಚುರುಕು ಬಿಸಿಲು ಬಿದ್ದಿತ್ತು. ಡಿಸೆಂಬರ್ ಮುಗಿಯುತ್ತ ಬಂದರೂ ಅಲ್ಲಿ ಕಣ್ಣು ಹಾಯುವ ತನಕ ನೀರು. 1964ರ ಮೇ 22ರಂದು ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಅಡಿಗಲ್ಲಿಟ್ಟ ಆಣೆಕಟ್ಟು ಇದು. ಅಬ್ದುಲ್ ಕಲಾಂ ಅವರು ಬಂದು ನಾಡಿಗೆ ಅರ್ಪಿಸುವಾಗ 2006ರ ಆಗಸ್ಟ್ ಆಗಿತ್ತು. ನಡುವಿನ 42 ವರ್ಷಗಳಲ್ಲಿ ನಮ್ಮ ಕಡೆಯ ಎರಡು ತಲೆಮಾರು ಮುಗಿಲು ನೋಡುತ್ತಲೇ ಒಕ್ಕಲುತನ ಮಾಡಿತು. ಈಗ 123 ಟಿಎಂಸಿ ನೀರು ನಿಲ್ಲುತ್ತದೆ. ಎಷ್ಟೋ ಊರು, ಗುಡಿ, ಎರೆಹೊಲಗಳು ಆ ನೀರಿನಡಿಯಲ್ಲಿವೆ. ಈ ಸೇತುವೆ ದಾಟುವಾಗಲೆಲ್ಲ ನನಗೆ ಸಂತೋಷವೂ ಸಂಕಟವೂ ಒಟ್ಟಿಗೇ ಆಗುತ್ತವೆ. ಮುಂದಿನ ಎರಡು ಮೂರು ದಿನಗಳಲ್ಲಿ ಅದಕ್ಕೆ ಕಾರಣವೂ ಮತ್ತಷ್ಟು ಸ್ಪಷ್ಟವಾಯಿತು.

ನಾವು ಹೊರಟಿದ್ದು ಸಿಂದಗಿ ತಾಲ್ಲೂಕಿನಲ್ಲಿರುವ ಸೋದರಮಾವನ ತೋಟದ ಮನೆಗೆ. 2022ರಲ್ಲಿ ಎಳ್ಳಮಾವಾಸ್ಯೆ ಡಿಸೆಂಬರ್ 23ರ ಶುಕ್ರವಾರ ಬಂದಿತ್ತು, ಕ್ರಿಸ್‌ಮಸ್ ಭಾನುವಾರ. ಬೆಂಗಳೂರಿನ ಶಾಲೆಗಳಿಗೆ ಅಷ್ಟರಲ್ಲಾಗಲೇ ರಜೆ. ಮಾವ ತಿಂಗಳ ಮೊದಲೇ ಫೋನು ಮಾಡಿದ್ದ: "ನಾತಾಳ ಸೂಟಿ, ಎಳ್ಳಮಾಸಿ ಎರಡೂ ಕೂಡೇ ಬಂದಾವ. ಈ ಸಲ ಯಾರೂ ನೆಪ ಹೇಳಂಗಿಲ್ಲ ನೋಡವಾ." ಯಾರೂ ಹೇಳಲಿಲ್ಲ. ಪುಣೆಯಿಂದ, ಗೋವಾದಿಂದ, ಹುಬ್ಬಳ್ಳಿಯಿಂದ ಎಲ್ಲರೂ ಬಂದರು.

ಆಲಮಟ್ಟಿಗೆ ಮುದ್ದೇಬಿಹಾಳದಿಂದ ಅಣ್ಣ ಕ್ರೂಸರ್ ತಂದಿದ್ದ. ದಾರಿಯಲ್ಲಿ ಬಸವನಬಾಗೇವಾಡಿಯಲ್ಲಿ ಇಳಿದು ಬಸವಣ್ಣನ ಗುಡಿಗೆ ಹೋಗಿ ಕೈಮುಗಿದೆವು. ಶ್ರಾವಣದ ಜಾತ್ರೆಯಲ್ಲಿ ಕಾಲಿಡಲು ಜಾಗವಿಲ್ಲದ ಊರು ಅಂದು ಬಿಡುವಾಗಿತ್ತು. ಮಕ್ಕಳಿಗೆ ಸ್ಮಾರಕ ತೋರಿಸಿ, ಚಹಾ ಕುಡಿದು ಮುಂದೆ ಹೊರಟೆವು. ಅವ್ವನ ಮನಸ್ಸು ತಂಗಡಗಿಯ ಕಡೆಗಿತ್ತು.

ತಂಗಡಗಿ ಮುದ್ದೇಬಿಹಾಳ ತಾಲ್ಲೂಕಿನ ದಂಡೆಯೂರು, ಕೃಷ್ಣೆಯ ಅಂಚಿನಲ್ಲಿದೆ. ಬಸವಣ್ಣನವರ ಮಡದಿ ನೀಲಮ್ಮನ ಐಕ್ಯಸ್ಥಳ. ಕಲ್ಯಾಣ ಬಿಟ್ಟು ಕೂಡಲಸಂಗಮಕ್ಕೆ ಬಂದ ಬಸವಣ್ಣನವರು ಹಡಪದ ಅಪ್ಪಣ್ಣನನ್ನು ಕಳಿಸಿ ಆಕೆಯನ್ನು ಕರೆಸಿದರಂತೆ. ಆಕೆ ಇಲ್ಲಿಯ ತನಕ ಬಂದು, ಅಲ್ಲಿರುವ ಸಂಗಯ್ಯ ಇಲ್ಲಿಲ್ಲವೇ ಎಂದುಕೊಂಡು ಇಲ್ಲಿಯೇ ಐಕ್ಯಳಾದಳು ಎಂಬುದು ಜನರ ನಂಬಿಕೆ. ಅವ್ವ ಸಣ್ಣವಳಿದ್ದಾಗ ಈ ಕಥೆಯನ್ನು ತನ್ನ ಅವ್ವನ ಬಾಯಲ್ಲಿ ಕೇಳಿದ್ದಳಂತೆ. ಅದನ್ನೇ ಮೆಟ್ಟಿಲ ಮೇಲೆ ಕೂತು ಮೊಮ್ಮಕ್ಕಳಿಗೆ ಹೇಳಿದಳು. 1565ರ ಜನವರಿಯಲ್ಲಿ ವಿಜಯನಗರದ ಹಣೆಬರಹ ಬರೆದ ಯುದ್ಧಕ್ಕೆ ರಕ್ಕಸಗಿ–ತಂಗಡಗಿ ಎಂಬ ಹೆಸರಿರುವುದು ಇದೇ ಊರಿನಿಂದ ಎಂದು ಅಣ್ಣ ಹೇಳಿದ. ಮಗ ಕಿವಿಗೊಟ್ಟದ್ದು ಯುದ್ಧಕ್ಕೆ, ಮಗಳು ನೀಲಮ್ಮನಿಗೆ. ನನಗೂ ನೀಲಮ್ಮನೇ ದೊಡ್ಡವಳಾಗಿ ಕಾಣುತ್ತಾಳೆ. ಗಂಡ ಕರೆದನೆಂದು ಹೊರಟವಳು ನಡುದಾರಿಯಲ್ಲಿ ತನ್ನ ನಿಲುವನ್ನು ತಾನೇ ಕಂಡುಕೊಂಡಳು.

ರಾತ್ರಿ ಮುದ್ದೇಬಿಹಾಳದಲ್ಲಿ ಉಳಿದು, ಅಮಾವಾಸ್ಯೆಯ ದಿನ ನಸುಕಿನಲ್ಲೇ ಅಲ್ಲಿಂದ ಹೊರಟೆವು. ತಾಳಿಕೋಟೆಯಲ್ಲಿ ಡೋಣಿ ನದಿ ದಾಟಬೇಕು. ಮಹಾರಾಷ್ಟ್ರದ ಜತ್ತ ಸೀಮೆಯಲ್ಲಿ ಹುಟ್ಟಿ ವಿಜಯಪುರ ಜಿಲ್ಲೆಯನ್ನು ಹಾದು ಕೃಷ್ಣೆಯನ್ನು ಸೇರುವ ಸಣ್ಣ ನದಿ ಇದು. ನೀರು ಸವುಳು, ಕುಡಿಯಲು ಬಾರದು. ಆದರೆ ಅದು ತಂದು ಹಾಸಿದ ಎರೆಮಣ್ಣು ಚಿನ್ನ. ಡೋಣಿ ಬೆಳೆದರೆ ಓಣಿಯೆಲ್ಲ ಕಾಳು ಎಂದು ಹಿರಿಯರು ಸುಮ್ಮನೆ ಹೇಳಲಿಲ್ಲ. ಆ ಮಣ್ಣು ಮಳೆಗಾಲದ ನೀರನ್ನು ಕುಡಿದು ಒಡಲಲ್ಲಿ ಇಟ್ಟುಕೊಳ್ಳುತ್ತದೆ. ಮಳೆ ನಿಂತ ಮೇಲೆ ಬಿತ್ತಿದ ಬಿಳಿಜೋಳ ಆ ಹಸಿಯಲ್ಲೇ, ರಾತ್ರಿಯ ಇಬ್ಬನಿಯಲ್ಲೇ ಬೆಳೆದು ಮಾಘದ ಹೊತ್ತಿಗೆ ಕೈಗೆ ಬರುತ್ತದೆ. ಹಿಂಗಾರಿ ಎಂದರೆ ನಮ್ಮಲ್ಲಿ ಇದೇ. ತಾಳಿಕೋಟೆ ದಾಟಿದ ಮೇಲೆ ರಸ್ತೆಯ ಎರಡೂ ಕಡೆ ಜೋಳ, ನಡುನಡುವೆ ಕಡಲೆ, ಬದುವಿಗೆ ಮುಳ್ಳುಗುಸುಬೆ. ತೊಗರಿ ಕೆಲವು ಕಡೆ ಕೊಯ್ದಾಗಿತ್ತು, ಕೆಲವು ಕಡೆ ಒಣಗಿ ನಿಂತಿತ್ತು. ದಾರಿಯುದ್ದಕ್ಕೂ ಚಕ್ಕಡಿ, ಟ್ರ್ಯಾಕ್ಟರ್, ಬೈಕು. ಎಲ್ಲದರಲ್ಲೂ ಬಿಳಿ ಬಟ್ಟೆ ಕಟ್ಟಿದ ಬುತ್ತಿಯ ಬುಟ್ಟಿಗಳು. ಆ ದಿನ ಊರಲ್ಲಿ ಒಲೆ ಹೊತ್ತಿಸಿದವರೆಲ್ಲ ಹೊಲದಲ್ಲಿ ಉಣ್ಣುತ್ತಾರೆ.

ಮಾವನ ತೋಟದ ಮನೆ ಅಜ್ಜ ಕಟ್ಟಿಸಿದ್ದು. ಕಲ್ಲುಗೋಡೆ, ಮಣ್ಣಿನ ಮಾಳಿಗೆ, ಮುಂದೆ ಪಡಸಾಲೆ, ಬಲಕ್ಕೆ ದನ ಕಟ್ಟುವ ಜಾಗ. ಅಂಗಳದ ಮೂಲೆಯಲ್ಲಿ ಹಗೇವಿನ ಬಾಯಿ ಮುಚ್ಚಿದ ಕಲ್ಲು ಈಗಲೂ ಇದೆ. ಮಕ್ಕಳು ಅದರ ಮೇಲೆಯೇ ಕುಣಿಯುತ್ತಿದ್ದರು. ನೆಲದೊಳಗೆ ಆಳಕ್ಕೆ ತೋಡಿದ ಹಗೇವಿನ ಸುತ್ತ ಹುಲ್ಲು ಹಾಸಿ ಜೋಳ ತುಂಬಿ ಬಾಯಿ ಮುಚ್ಚಿದರೆ ವರ್ಷಗಟ್ಟಲೆ ಹುಳ ಹಿಡಿಯುತ್ತಿರಲಿಲ್ಲ. ತೆಗೆಯುವ ದಿನ ಬಾಯಿ ತೆರೆದು, ಗಾಳಿಯಾಡಲು ಬಿಟ್ಟು, ದೀಪ ಇಳಿಸಿ ನೋಡುವುದು. ದೀಪ ನಂದಿದರೆ ಯಾರೂ ಇಳಿಯುವಂತಿಲ್ಲ. ಬರಗಾಲದಲ್ಲಿ ಊರನ್ನು ಕಾಯ್ದದ್ದು ಹಗೇವು. ಮಾವ ಇದನ್ನೆಲ್ಲ ಕಲ್ಲು ಸರಿಸಿ ತೋರಿಸಿದ. ಒಳಗೆ ಕತ್ತಲು, ಹಳೆಯ ಹುಲ್ಲಿನ ವಾಸನೆ. ಕೊನೆಯ ಸಲ ಅದನ್ನು ತುಂಬಿದ್ದು ಯಾವಾಗ ಎಂದು ಕೇಳಿದೆ. "ನಿಮ್ಮ ಮುತ್ಯಾ ಇದ್ದಾಗ," ಅಂದ.

ಅತ್ತಿ ಮತ್ತು ಸೊಸೆಯರು ಹಿಂದಿನ ರಾತ್ರಿಯಿಂದಲೇ ಒಲೆಯ ಮುಂದೆ ಇದ್ದರು. ಎಳ್ಳು ಹಚ್ಚಿ ತಟ್ಟಿದ ಕಡಕ್ ಸಜ್ಜಿರೊಟ್ಟಿ, ಸಜ್ಜಿ ಕಡಬು, ಶೇಂಗಾ ಹೋಳಿಗೆ, ಎಣಗಾಯಿ, ಪುಂಡಿಪಲ್ಯ, ಮಡಕಿಕಾಳು, ಗುರೆಳ್ಳು ಚಟ್ನಿ, ಅಗಸಿ ಚಟ್ನಿ, ಗಡಿಗೆಯಲ್ಲಿ ಕೆನೆಮೊಸರು. ಅವ್ವ ಮುದ್ದೇಬಿಹಾಳದಿಂದ ತಂದ ಕರಿಂಡಿಯ ಭರಣಿ ಬಿಚ್ಚಿದಾಗ ಪಡಸಾಲೆಯಲ್ಲಿದ್ದವರೆಲ್ಲ ಒಳಗೆ ಇಣುಕಿದರು. ಹೊಲದ ಅಂಚಿನ ಬನ್ನಿಮರದ ಬುಡಕ್ಕೆ ಐದು ಕಲ್ಲಿಟ್ಟು ಸುಣ್ಣ ಹಚ್ಚಿದರು. ಅವರು ಪಾಂಡವರು. ಕುಂಕುಮ, ಹೂವು, ಎಡೆ. ತೆನೆ ಹೊತ್ತ ಹೊಲ ಬಸುರಿ; ಇದು ಆಕೆಯ ಬಯಕೆಯ ಊಟ. ಆದ್ದರಿಂದ ಹೊಸ ಸೀರೆಯ ಸೆರಗು, ಹಸಿರು ಬಳೆ, ಉಡಿ ತುಂಬುವ ಅಕ್ಕಿ, ಎಲ್ಲವೂ ಇದ್ದವು.

ಆಮೇಲೆ ಚರಗ. ಮಾಡಿದ ಅಡಿಗೆಯೆಲ್ಲವನ್ನೂ ಸ್ವಲ್ಪ ಸ್ವಲ್ಪ ಒಂದೇ ಬುಟ್ಟಿಗೆ ಕಲಸಿ, ಮಾವ ಮುಂದೆ ಚೆಲ್ಲುತ್ತ ನಡೆದ. ಹಿಂದೆ ಅವನ ಮಗ ತಂಬಿಗೆಯಿಂದ ನೀರು ಚಿಮುಕಿಸುತ್ತ ಬಂದ. ಒಬ್ಬ ಕೂಗಿದರೆ ಇನ್ನೊಬ್ಬ ದನಿಗೂಡಿಸಬೇಕು. ನನ್ನ ಮಕ್ಕಳು ಮೊದಲ ಬದುವಿನಲ್ಲಿ ನಾಚಿಕೊಂಡರು, ಎರಡನೆಯದರಲ್ಲಿ ಕಿರುಚುತ್ತಿದ್ದರು. ಜೋಳ ಅವರ ತಲೆಗಿಂತ ಎತ್ತರ. ದನಿ ಕೇಳುತ್ತಿತ್ತು, ಮಕ್ಕಳು ಕಾಣುತ್ತಿರಲಿಲ್ಲ. ಹೊಡೆ ಬಿಚ್ಚಿ ತೆನೆ ಹೊರಗೆ ಬಂದು ಕಾಳು ಕಟ್ಟತೊಡಗಿತ್ತು. ಮಾವ ಒಂದು ತೆನೆ ಬಾಗಿಸಿ, ಕಾಳೊಂದನ್ನು ಉಗುರಿನಿಂದ ಒತ್ತಿದ. ಹಾಲು ಬಂತು. ಮಗಳ ಬೆರಳಿಗೆ ಹಚ್ಚಿದ, ಆಕೆ ನೆಕ್ಕಿದಳು. ಊಟಕ್ಕೆ ಬದುವಿನ ಮೇಲೆ ಸಾಲಾಗಿ ಕೂತಾಗ, ದಾರಿಯಲ್ಲಿ ಹೋಗುತ್ತಿದ್ದ ಕುರಿಗಾರರನ್ನೂ, ಕೆನಾಲಿನ ಕೆಲಸದವರನ್ನೂ ಕರೆದು ಕೂರಿಸಿದರು. ಆ ದಿನ ಹೊಲಕ್ಕೆ ಬಂದವರು ಉಣ್ಣದೆ ಹೋಗುವುದಿಲ್ಲ.

ಸಂಜೆ ಅತ್ತಿ ಮಡಿಸಿದ ಬಿಳಿ ಧೋತರಗಳನ್ನು ತಂದು ಕಡಲೆಗಿಡಗಳ ಮೇಲೆ ಹರವಿದಳು. ರಾತ್ರಿ ಮಾಗಿಯ ಚಳಿ ಬಿರುಸಾಗಿತ್ತು. ಪಡಸಾಲೆಯಲ್ಲಿ ಕೌದಿ ಹೊದ್ದು ಗಂಡಸರು ಹರಟುತ್ತಿದ್ದರು; ಒಳಗೆ ಅತ್ತಿ, ಅವ್ವ ಬೀಸುವ ಹಾಡು ಹೇಳಿಕೊಂಡರು. ಬೀಸುವ ಕಲ್ಲು ಈಗ ಮೂಲೆ ಸೇರಿದೆ, ಹಾಡು ಬಾಯಲ್ಲಿದೆ. ಇಂಥ ಹಾಡುಗಳನ್ನು ಮೊದಲು ಬರೆದಿಟ್ಟು, 1931ರಲ್ಲಿ 'ಗರತಿಯ ಹಾಡು' ಎಂದು ಅಚ್ಚು ಹಾಕಿಸಿದ ಹಲಸಂಗಿ ಗೆಳೆಯರು ಪಕ್ಕದ ಇಂಡಿ ಸೀಮೆಯವರು. ಮಧುರಚೆನ್ನ, ಸಿಂಪಿ ಲಿಂಗಣ್ಣ ಮೊದಲಾದವರು ಆ ಕೆಲಸ ಮಾಡದೆ ಹೋಗಿದ್ದರೆ ಎಷ್ಟು ತಾಯಂದಿರ ದನಿ ಮಣ್ಣಾಗುತ್ತಿತ್ತೋ.

ಬೆಳಿಗ್ಗೆ ಧೋತರಗಳು ಇಬ್ಬನಿಗೆ ತೊಯ್ದು ಭಾರವಾಗಿದ್ದವು. ಅತ್ತಿ ಒಂದು ತುದಿ, ಮಗ ಇನ್ನೊಂದು ತುದಿ ಹಿಡಿದು ತಿರುವಿದರು. ಪಾತ್ರೆಗೆ ಬಿದ್ದದ್ದು ಕಂದು ಬಣ್ಣದ ಕಡಲೆ ಹುಳಿ. ಕಡಲೆಯ ಎಲೆ ಬೆವರುವ ಹುಳಿಯನ್ನು ಇಬ್ಬನಿಯ ಜೊತೆ ಬಟ್ಟೆ ಹೀರಿಕೊಳ್ಳುತ್ತದೆ. ಬಾಟಲಿಯಲ್ಲಿ ಕೂಡಿಟ್ಟು, ಹೊಟ್ಟೆನೋವಿಗೆ ನೀರಲ್ಲಿ ಬೆರೆಸಿ ಕೊಡುತ್ತಾರೆ. ನಾಲಿಗೆಗೆ ಹಚ್ಚಿದರೆ ಕಣ್ಣು ತಾನಾಗಿ ಮುಚ್ಚುತ್ತದೆ. ಬೂಟು ಬಿಚ್ಚಿ ಕಡಲೆಹೊಲದಲ್ಲಿ ನಡೆದ ಮಗನ ಕಾಲಿನ ಸಣ್ಣ ಗೀರುಗಳೆಲ್ಲ ಉರಿಯತೊಡಗಿದವು. ಅವನು ಅತ್ತಿಯ ಹತ್ತಿರ ಓಡಿದ, ಆಕೆ ನಕ್ಕು ನೀರು ಹಾಕಿದಳು.

ಹೊಲದ ಪಡುವಣಕ್ಕೆ ಇಂಡಿ ಶಾಖಾ ಕಾಲುವೆ ಹಾದಿದೆ. ಆಲಮಟ್ಟಿಯ ಕೆಳಗಿನ ನಾರಾಯಣಪುರದ ಎಡದಂಡೆ ಕಾಲುವೆಯಿಂದ ಕವಲೊಡೆದು ಬರುವ ನೀರು. ಅದು ಬಂದ ಮೇಲೆ ಕಾಲುವೆಯ ಕೆಳಗಿನ ಹೊಲಗಳಲ್ಲಿ ಕಬ್ಬು ನಿಂತಿತು. ಮಾವನ ಮಗ ಉಳಿದ ಜೋಳದ ಹೊಲಕ್ಕೂ ಪೈಪ್‌ಲೈನ್ ಎಳೆದು ಕಬ್ಬು ಹಾಕುವ ವಿಚಾರದಲ್ಲಿದ್ದ. ಅವನ ಲೆಕ್ಕ ತಪ್ಪೆಂದು ಹೇಳುವ ಧೈರ್ಯ ನನಗಿಲ್ಲ. ಆ ವರ್ಷ ಮಾಲದಂಡಿ ಜೋಳಕ್ಕೆ ಸರ್ಕಾರದ ಬೆಂಬಲ ಬೆಲೆ ಕ್ವಿಂಟಲಿಗೆ 2,990 ರೂಪಾಯಿ. ಕೊಯ್ಯಲು ಆಳು ಸಿಗುವುದಿಲ್ಲ. ಯಂತ್ರದಿಂದ ಕೊಯ್ದರೆ ಕಣಿಕೆ ಹಾಳು. ಕಬ್ಬಿಗಾದರೆ ಕಾರ್ಖಾನೆಯವರೇ ಕೊಯ್ಲಿನ ಗ್ಯಾಂಗ್ ಕಳಿಸುತ್ತಾರೆ. "ಅಕ್ಕಾ, ಬ್ಯಾಂಕಿನವ್ರು ಹಾಡು ಕೇಳಿ ಸಾಲ ಮನ್ನಾ ಮಾಡಂಗಿಲ್ಲ," ಅಂದ. ಅವನ ಮಾತಲ್ಲಿ ಕಹಿ ಇರಲಿಲ್ಲ, ದಣಿವಿತ್ತು.

ಆದರೆ ಜೋಳ ಹೋದರೆ ಕಾಳು ಮಾತ್ರ ಹೋಗುವುದಿಲ್ಲ. ಜೋಳ ಹೋದರೆ ಕಣಿಕೆ ಇಲ್ಲ, ಕಣಿಕೆ ಇಲ್ಲದಿದ್ದರೆ ಎತ್ತು ಸಾಕುವುದು ಆಗದು, ಎತ್ತು ಹೋದರೆ ಚಕ್ಕಡಿಯೂ ಗೊಬ್ಬರವೂ ಇಲ್ಲ. ಎರೆಮಣ್ಣಿಗೆ ವರ್ಷವಿಡೀ ನೀರು ನಿಲ್ಲಿಸಿದರೆ ಸವುಳು ಮೇಲೇಳುತ್ತದೆ ಎಂಬುದನ್ನು ಕಾಲುವೆಯಂಚಿನ ಬಿಳಿ ಬಿದ್ದ ಹೊಲಗಳು ತೋರಿಸುತ್ತಿವೆ. ಹಿಂಗಾರಿ ಜೋಳವಿಲ್ಲದ ಹೊಲಕ್ಕೆ ಎಳ್ಳಮಾವಾಸ್ಯೆಯ ಚರಗವೂ ಒಂದು ಶಾಸ್ತ್ರವಾಗಿ ಉಳಿದೀತು. ನೀರು ಬರಲೇಬೇಕಿತ್ತು, ಬಂದದ್ದು ಒಳ್ಳೆಯದಾಯಿತು. ಆ ನೀರಿನ ಜೊತೆ ಬಿಳಿಜೋಳಕ್ಕೂ ನಾಲ್ಕು ಎಕರೆ ಜಾಗ ಇರಬೇಕೆಂದು ನಾನು ಅಂದೂ ವಾದಿಸಿದೆ, ಈಗಲೂ ವಾದಿಸುತ್ತೇನೆ.

ಶನಿವಾರ ಮಧ್ಯಾಹ್ನ ಇಂಡಿಗೆ ಹೋದೆವು. ಮಾವನ ಬೀಗರ ಲಿಂಬೆತೋಟ ಅಲ್ಲಿದೆ. ಇಂಡಿ ಲಿಂಬೆಗೆ ಮುಂದೆ 2023ರಲ್ಲಿ ಜಿಐ (ಭೌಗೋಳಿಕ ಸೂಚಕ) ಮಾನ್ಯತೆ ಸಿಕ್ಕಿತು. ಲಿಂಬೆ ಅಭಿವೃದ್ಧಿ ಮಂಡಳಿಯೂ ಇದೇ ಊರಲ್ಲಿದೆ. ಸಿಪ್ಪೆ ತೆಳು, ರಸ ಹೆಚ್ಚು. ಕಡಿಮೆ ನೀರಿನಲ್ಲಿ, ಗಿಡದ ಬುಡಕ್ಕಷ್ಟೇ ಹನಿಸಿ ಬೆಳೆಯುತ್ತಾರೆ. ತೋಟದ ಯಜಮಾನರು ಬೇಸಿಗೆಯಲ್ಲಿ ಟ್ಯಾಂಕರ್ ನೀರು ಕೊಂಡು ಗಿಡ ಉಳಿಸಿಕೊಂಡ ವರ್ಷಗಳನ್ನು ನೆನೆದರು. ಅವರ ಮಾತು ಕೇಳುತ್ತ ಮಾವನ ಮಗ ಹನಿ ನೀರಾವರಿಯ ಪೈಪುಗಳನ್ನು ಬಗ್ಗಿ ಬಗ್ಗಿ ನೋಡುತ್ತಿದ್ದ.

ಭಾನುವಾರ ಬೆಳಿಗ್ಗೆ ಸಾಲೋಟಗಿಗೆ ಹೋದೆವು. ರಾಷ್ಟ್ರಕೂಟ ಮೂರನೆಯ ಕೃಷ್ಣನ ಕಾಲದಲ್ಲಿ, ಕ್ರಿ.ಶ. 945ರಲ್ಲಿ, ಇಲ್ಲಿ ದೊಡ್ಡ ವಿದ್ಯಾಲಯವಿತ್ತು. ದೂರ ದೂರದ ನಾಡುಗಳಿಂದ ಬಂದ ವಿದ್ಯಾರ್ಥಿಗಳಿಗೆ 27 ವಸತಿಗೃಹಗಳಿದ್ದವು ಎಂದು ಶಾಸನ ಹೇಳುತ್ತದೆ. ಗುರುಗಳಿಗೆ ಭೂಮಿ, ಓದುವ ಹುಡುಗರ ಊಟಕ್ಕೆ ಭೂಮಿ, ದೀಪದ ಎಣ್ಣೆಗೂ ಭೂಮಿ. ಊರಿನ ಮನೆಯಲ್ಲಿ ಮದುವೆ, ಮುಂಜಿ, ಜವಳ ನಡೆದರೆ ಶಾಲೆಗೆ ಕಾಣಿಕೆ ಸಲ್ಲಬೇಕಿತ್ತು. ಶಾಲೆ ನಡೆಸಿದ್ದು ಈ ಎರೆಭೂಮಿಯ ಬೆಳೆ. ಸೂಟಿ ಮುಗಿಯುತ್ತ ಬಂದುದಕ್ಕೆ ಮುಖ ಸಣ್ಣ ಮಾಡಿದ್ದ ಮಗ, ಆ ಹುಡುಗರಿಗೂ ಸೂಟಿ ಇರುತ್ತಿತ್ತಾ ಎಂದು ಕೇಳಿದ. ಎಳ್ಳಮಾವಾಸ್ಯೆಗೆ ಬಿಟ್ಟಿರಬೇಕು ಎಂದಳು ಅವ್ವ.

ಇಂಡಿಯಲ್ಲಿ ರಾತ್ರಿ ಬಸ್ಸಿಗೆ ಕಾಯುವಾಗ ಮಾತು ಮತ್ತೆ ಜೋಳಕ್ಕೆ ಬಂತು. ಕೊನೆಗೆ ಎಲ್ಲರೂ ಕೂಡಿ ಒಂದು ಒಪ್ಪಂದಕ್ಕೆ ಬಂದೆವು. ಮನೆಯ ಮುಂದಿನ ನಾಲ್ಕು ಎಕರೆಗೆ ಕಬ್ಬು ಬೇಡ, ಮಾಲದಂಡಿಯೇ ಇರಲಿ. ಕೊಯ್ಲಿನ ಆಳಿನ ಖರ್ಚಿನಲ್ಲಿ ಪುಣೆ, ಹುಬ್ಬಳ್ಳಿ, ಬೆಂಗಳೂರಿನ ನಾವು ಪಾಲು ಕೊಡಬೇಕು, ಬೆಳೆದ ಜೋಳವನ್ನು ಪೇಟೆಯ ದರಕ್ಕೆ ನಾವೇ ಕೊಳ್ಳಬೇಕು. ದಾನ ಬೇಡ, ಲೆಕ್ಕ ಇರಲಿ ಎಂದು ಮಾವನ ಮಗನೇ ಹೇಳಿದ. ಮಾರ್ಚ್‌ನಲ್ಲಿ ಲಾರಿಯ ಮೇಲೆ ನಮ್ಮ ಪಾಲಿನ ಚೀಲಗಳು ಬಂದವು. ಅಪಾರ್ಟ್‌ಮೆಂಟಿನ ಇನ್ನೆರಡು ಮನೆಯವರು ರೊಟ್ಟಿ ತಿಂದು ನೋಡಿ, ಮುಂದಿನ ವರ್ಷ ತಮಗೂ ಎರಡು ಚೀಲ ಬೇಕೆಂದು ಮುಂಗಡ ಕೊಟ್ಟರು.